ಲ್ಯಾರಮಿಯಲ್ಲಿ ರಜೆಯ ದಿನಗಳು: ಮಕ್ಕಳನ್ನು ನೋಡಲು ಹೊರಟ ತಂದೆತಾಯಿಯರಿಗೆ

ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗನನ್ನೋ ಮಗಳನ್ನೋ ನೋಡಿ ಬರಲು ಲ್ಯಾರಮಿಗೆ ಹೊರಡುವವರು ಸಾಮಾನ್ಯವಾಗಿ ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿ ಬಂದ ಬಂಧುಗಳನ್ನು ವಿಚಾರಿಸಿಕೊಂಡು ಸಿದ್ಧತೆ ಮಾಡಿಕೊಳ್ಳುತ್ತಾರೆ. ಆ ಸಲಹೆಗಳಲ್ಲಿ ಹೆಚ್ಚಿನವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಲ್ಯಾರಮಿ ಸುಮಾರು 31 ಸಾವಿರ ಜನರ ಸಣ್ಣ ಊರು. ಪೂರ್ವಕ್ಕೆ ಲ್ಯಾರಮಿ ಬೆಟ್ಟಸಾಲು, ಪಶ್ಚಿಮಕ್ಕೆ ಸ್ನೋಯಿ ರೇಂಜ್ ಎಂದು ಕರೆಯುವ ಮೆಡಿಸಿನ್ ಬೋ ಪರ್ವತಗಳು, ನಡುವೆ ಮರಗಳೇ ಇಲ್ಲದ ವಿಶಾಲವಾದ ಹುಲ್ಲು ಬಯಲು. ಆ ಬಯಲಿನಲ್ಲಿ ರೈಲು ಹಳಿಯ ಪಕ್ಕಕ್ಕೆ ಊರು ಕುಳಿತಿದೆ. ಬಯಲು ಎಂದ ಮಾತ್ರಕ್ಕೆ ತಗ್ಗಿನ ಪ್ರದೇಶ ಎಂದುಕೊಳ್ಳಬಾರದು. ಊರಿನ ಎತ್ತರ ಸಮುದ್ರಮಟ್ಟದಿಂದ 7,165 ಅಡಿ, ಅಂದರೆ ಸುಮಾರು 2,184 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ ಎಂಬುದನ್ನು ನೆನಪಿಸಿಕೊಂಡರೆ, ಲ್ಯಾರಮಿಯ ತರಕಾರಿ ಅಂಗಡಿ, ಶಾಲೆ, ಆಸ್ಪತ್ರೆಗಳೆಲ್ಲ ಅದಕ್ಕಿಂತಲೂ ಮೇಲಿವೆ ಎಂಬುದು ಮನಸ್ಸಿಗೆ ನಾಟುತ್ತದೆ. ಊಟಿಗೂ ಇದಕ್ಕೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಊಟಿಯ ತೇವವಾಗಲಿ ಹಸಿರಾಗಲಿ ಇಲ್ಲಿಲ್ಲ. ಗಾಳಿ ಒಣಗಿದ್ದು, ಬಿಸಿಲು ಚುರುಕು, ಚಳಿ ಬಹಳ.

ನನ್ನ ಮಗಳು ಅಲ್ಲಿ ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ ನಾನೂ ನಮ್ಮ ಯಜಮಾನರೂ ಎರಡು ಸಲ ಹೋಗಿದ್ದೆವು, ಒಮ್ಮೆ ನವೆಂಬರ್ ಕೊನೆಯಲ್ಲಿ, ಇನ್ನೊಮ್ಮೆ ಜೂನ್ ತಿಂಗಳಲ್ಲಿ. ಈ ಎರಡು ಭೇಟಿಗಳಿಂದ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾರಮಿಯ ಪ್ರವಾಸವನ್ನು ನಕ್ಷೆಯ ಮೈಲಿಗಳನ್ನು ನೋಡಿ ಯೋಜಿಸಬಾರದು, ಗಾಳಿಯನ್ನೂ ರಸ್ತೆಯನ್ನೂ ನೋಡಿ ಯೋಜಿಸಬೇಕು. ಹೋಗುವಾಗ ಒಂದು, ಬರುವಾಗ ಎರಡು ದಿನಗಳನ್ನು ಯಾವ ಕೆಲಸವೂ ಇಲ್ಲದೆ ಖಾಲಿ ಬಿಡುವುದು ಅಲ್ಲಿ ದುಂದಲ್ಲ, ಅವಶ್ಯಕತೆ. ಉಳಿದ ಸೂಚನೆಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ಯಾವಾಗ ಹೋಗಬೇಕು

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ವಾರ ಬುಧವಾರದಿಂದಲೇ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಗೆ ಹೊರಡುತ್ತಾರೆ, ಊರು ಖಾಲಿಯಾಗುತ್ತದೆ. ಗುರುವಾರದ ದಿನ ದೊಡ್ಡ ಅಂಗಡಿಗಳೂ ಮುಚ್ಚಿರುವುದರಿಂದ ಹಾಲು, ಮೊಸರು, ತರಕಾರಿಗಳನ್ನು ಬುಧವಾರ ಮಧ್ಯಾಹ್ನದೊಳಗೆ ತಂದಿಟ್ಟುಕೊಳ್ಳಬೇಕು. ಈ ರಜೆ ಬಹಳ ಚಿಕ್ಕದು. ಭಾರತದಿಂದ ಇಷ್ಟಕ್ಕಾಗಿಯೇ ಹೋಗುವವರು ಅದರ ಹಿಂದೆ ಮುಂದೆ ಒಂದು ವಾರವಾದರೂ ಸೇರಿಸಿಕೊಳ್ಳುವುದು ಒಳ್ಳೆಯದು. ಡಿಸೆಂಬರ್ ಮಧ್ಯದಿಂದ ಜನವರಿಯವರೆಗಿನ ಚಳಿಗಾಲದ ರಜೆಯಲ್ಲಿ ಮಕ್ಕಳಿಗೆ ಬಿಡುವು ಹೆಚ್ಚಿರುತ್ತದೆ, ಆದರೆ ಅದೇ ಅತಿ ಚಳಿಯ ಕಾಲ. ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸಾಮಾನ್ಯ ಸಂಗತಿ, ಉತ್ತರದ ಚಳಿ ಅಪ್ಪಳಿಸಿದ ದಿನಗಳಲ್ಲಿ ಅದು ಇನ್ನೂ ಬಹಳ ಕೆಳಗಿಳಿಯುತ್ತದೆ. ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಕ್ಕಳ ಪದವಿ ಪ್ರದಾನಕ್ಕೆ ಮೇ ಮಧ್ಯದಲ್ಲಿ ಹೋಗುವವರೂ ಉಣ್ಣೆ ಬಟ್ಟೆಯನ್ನು ಮರೆಯಬಾರದು. ಆಗಲೂ ಹಿಮ ಬೀಳುವುದುಂಟು. ನೋಡುವುದಕ್ಕೆ ಚೆನ್ನಾದ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅನೇಕರಿಗೆ ರಜೆ ಸಿಗುವುದು, ಮಕ್ಕಳು ಒಂಟಿಯಾಗಿರುವುದು ಚಳಿಗಾಲದಲ್ಲೇ ಆದ್ದರಿಂದ ಇಲ್ಲಿ ಹೆಚ್ಚಾಗಿ ಆ ಕಾಲವನ್ನು ಕುರಿತೇ ಬರೆಯುತ್ತಿದ್ದೇನೆ.

ವಯೋಮಿಂಗ್ ಎಂದೊಡನೆ ಯೆಲ್ಲೊಸ್ಟೋನ್ ನೋಡಿಬಿಡೋಣ ಎಂಬ ಆಸೆ ಬರುವುದು ಸಹಜ. ಚಳಿಗಾಲದ ಭೇಟಿಯಲ್ಲಿ ಆ ಆಸೆಯನ್ನು ಬಿಡಬೇಕು. ಲ್ಯಾರಮಿಯಿಂದ ಅದು ಸುಮಾರು 400 ಮೈಲಿ ದೂರದಲ್ಲಿದೆ. ನವೆಂಬರ್ ಆರಂಭದಿಂದ ಏಪ್ರಿಲ್ ಮಧ್ಯದವರೆಗೆ ಉದ್ಯಾನದೊಳಗಿನ ಬಹುಪಾಲು ರಸ್ತೆಗಳಲ್ಲಿ ಸಾಮಾನ್ಯ ಕಾರುಗಳಿಗೆ ಪ್ರವೇಶವೇ ಇರುವುದಿಲ್ಲ. ಹಾಗೆಯೇ ಹೆಸರಿನ ಗೊಂದಲವೊಂದಿದೆ. ಲ್ಯಾರಮಿ ಊರು ಇರುವುದು ಆಲ್ಬನಿ ಕೌಂಟಿಯಲ್ಲಿ. ಲ್ಯಾರಮಿ ಕೌಂಟಿ ಎಂಬುದು ರಾಜಧಾನಿ ಶಯೆನ್ ಇರುವ ಬೇರೆ ಕೌಂಟಿ. ಫೋರ್ಟ್ ಲ್ಯಾರಮಿ ಎಂಬ ಹಳೆಯ ಕೋಟೆ ಇಲ್ಲಿಂದ ನೂರು ಮೈಲಿಗೂ ಹೆಚ್ಚು ದೂರದಲ್ಲಿ, ಈಶಾನ್ಯ ದಿಕ್ಕಿನಲ್ಲಿದೆ. ಹೋಟೆಲನ್ನು ಕಾಯ್ದಿರಿಸುವಾಗಲೂ ಫೋನಿನಲ್ಲಿ ದಾರಿ ಹಾಕಿಕೊಳ್ಳುವಾಗಲೂ ಈ ಮೂರನ್ನು ಬೇರೆಬೇರೆಯಾಗಿ ಗುರುತಿಟ್ಟುಕೊಳ್ಳಿ.

ತಲುಪುವ ದಾರಿ

ಬೆಂಗಳೂರಿನಿಂದ ಹೊರಟವರು ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕ ಡೆನ್ವರ್ ತಲುಪುವುದು ಅನುಕೂಲ. ಡೆನ್ವರ್‌ನಿಂದ ಲ್ಯಾರಮಿಯ ಪುಟ್ಟ ವಿಮಾನ ನಿಲ್ದಾಣಕ್ಕೆ ಸಣ್ಣ ವಿಮಾನವೂ ಹೋಗುತ್ತದೆ, ಆದರೆ ದಿನಕ್ಕೆ ಹೆಚ್ಚು ಹಾರಾಟಗಳಿರುವುದಿಲ್ಲ. ಗಾಳಿ, ಹಿಮ ಜೋರಾದ ದಿನ ಅದೂ ರದ್ದಾಗಬಹುದು. ರಸ್ತೆಯ ಮೂಲಕ ಡೆನ್ವರ್ ವಿಮಾನ ನಿಲ್ದಾಣದಿಂದ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ದಾರಿಗಳು ಎರಡಿವೆ. ಫೋರ್ಟ್ ಕಾಲಿನ್ಸ್‌ವರೆಗೆ ಹೋಗಿ ಅಲ್ಲಿಂದ 287ನೆಯ ಹೆದ್ದಾರಿಯಲ್ಲಿ ಸುಮಾರು 65 ಮೈಲಿ ಉತ್ತರಕ್ಕೆ ಸಾಗುವುದು ಹತ್ತಿರದ ದಾರಿ. ಶಯೆನ್‌ವರೆಗೆ ಹೋಗಿ ಅಲ್ಲಿಂದ ಐ-80 ಹೆದ್ದಾರಿಯಲ್ಲಿ ಸುಮಾರು 50 ಮೈಲಿ ಪಶ್ಚಿಮಕ್ಕೆ ತಿರುಗುವುದು ಸುತ್ತಿನ ದಾರಿ. 287ರಲ್ಲಿ ಫೋರ್ಟ್ ಕಾಲಿನ್ಸ್ ಬಿಟ್ಟ ಮೇಲೆ ಊರುಗಳು ಇಲ್ಲವೇ ಇಲ್ಲ ಎನ್ನಬಹುದು, ಹಲವು ಕಡೆ ಎದುರುಬದುರು ವಾಹನಗಳಿಗೆ ಒಂದೊಂದೇ ಪಥವಿದೆ. ಆದ್ದರಿಂದ ಪೆಟ್ರೋಲನ್ನೂ ಶೌಚದ ಅಗತ್ಯವನ್ನೂ ಫೋರ್ಟ್ ಕಾಲಿನ್ಸ್‌ನಲ್ಲೇ ಮುಗಿಸಿಕೊಂಡು ಹೊರಡಬೇಕು. ಐ-80 ಅಗಲವಾದ ಹೆದ್ದಾರಿಯಾದರೂ ಲ್ಯಾರಮಿಗೆ ಸುಮಾರು ಹತ್ತು ಮೈಲಿ ಮೊದಲು ಶರ್ಮನ್ ಸಮ್ಮಿಟ್ ಎಂಬಲ್ಲಿ 8,640 ಅಡಿ ಎತ್ತರವನ್ನು ದಾಟುತ್ತದೆ. ಪೂರ್ವ ತೀರದಿಂದ ಪಶ್ಚಿಮ ತೀರದವರೆಗೆ ಹೋಗುವ ಆ ಹೆದ್ದಾರಿಯಲ್ಲಿ ಅದೇ ಅತಿ ಎತ್ತರದ ಜಾಗ. ಅಲ್ಲಿನ ಗಾಳಿಗೆ ಖಾಲಿ ಲಾರಿಗಳು ಪಕ್ಕಕ್ಕೆ ಉರುಳುತ್ತವೆ. ಆದಕಾರಣ ಹಗುರವಾದ, ಎತ್ತರದ ವಾಹನಗಳಿಗೆ ಮಾತ್ರ ರಸ್ತೆ ಮುಚ್ಚುವುದೂ ಉಂಟು, ಎಲ್ಲ ವಾಹನಗಳಿಗೂ ಮುಚ್ಚುವುದೂ ಉಂಟು.

ನಾವು ಮೊದಲ ಭೇಟಿಯಲ್ಲಿ ಈ ಪಾಠವನ್ನು ಕಲಿತೆವು. ಹಿಂದಿರುಗುವ ವಿಮಾನ ಭಾನುವಾರ ಮಧ್ಯಾಹ್ನ ಇದ್ದುದರಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಸಾಕು ಎಂದು ಎಣಿಸಿದ್ದೆವು. ಶನಿವಾರ ಸಂಜೆ ಹಿಮ ಬಿದ್ದದ್ದು ಹೆಚ್ಚಲ್ಲ, ಅಂಗೈಯಷ್ಟು ದಪ್ಪ ಇದ್ದಿರಬಹುದು. ಆದರೆ ರಾತ್ರಿಯೆಲ್ಲ ಬೀಸಿದ ಗಾಳಿ ಬಯಲಿನ ಹಿಮವನ್ನೆಲ್ಲ ಎತ್ತಿ ರಸ್ತೆಯ ಮೇಲೆ ಸುರಿದಿತ್ತು. ಬೆಳಿಗ್ಗೆ ಎರಡೂ ಹೆದ್ದಾರಿಗಳು ಮುಚ್ಚಿದ್ದವು. ಊರಿನ ಅಂಚಿನಲ್ಲಿ, ರೈಲ್ವೆ ಗೇಟಿನಂತಹ ಉದ್ದನೆಯ ತೋಳನ್ನು ಹೆದ್ದಾರಿಗೆ ಅಡ್ಡಲಾಗಿ ಇಳಿಸಿದ್ದರು. ಅದರ ಹಿಂದೆ ಲಾರಿಗಳು ಸಾಲುಗಟ್ಟಿದ್ದವು, ಎಂಜಿನ್‌ಗಳು ಚಾಲೂ ಇದ್ದವು, ಪ್ರತಿ ಲಾರಿಯ ಮೇಲೂ ಬಿಳಿಯ ಹೊಗೆ ಮಲಗಿಕೊಂಡೇ ಪೂರ್ವಕ್ಕೆ ಹರಿದು ಹೋಗುತ್ತಿತ್ತು. ವಿಮಾನ ತಪ್ಪಿತು, ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ನಾಲ್ಕು ದಿನ ಡೆನ್ವರ್‌ನಲ್ಲಿ ಆರಾಮವಾಗಿ ಇರಬಹುದಿತ್ತು.

ಆದ್ದರಿಂದ ಹೀಗೆ ಮಾಡಿ. ಬಂದಿಳಿದ ದಿನ, ಮೂವತ್ತು ಗಂಟೆಯ ಪ್ರಯಾಣದ ನಿದ್ದೆಗಣ್ಣಿನಲ್ಲಿ ಆ ದಾರಿಗೆ ಇಳಿಯದೆ ಡೆನ್ವರ್ ಸುತ್ತಮುತ್ತ ಒಂದು ರಾತ್ರಿ ತಂಗಿ, ಮರುದಿನ ಹಗಲು ಹೊತ್ತಿನಲ್ಲಿ ಹೊರಡಿ. ಹಿಂದಿರುಗುವಾಗ ವಿಮಾನಕ್ಕೆ ಎರಡು ದಿನ ಮೊದಲು ಲ್ಯಾರಮಿಯನ್ನು ಬಿಡುವಂತೆ ಗೊತ್ತುಮಾಡಿಕೊಳ್ಳಿ. ಒಂದು ದಿನ ರಸ್ತೆ ಮುಚ್ಚಿದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ವಯೋಮಿಂಗ್ ಸಾರಿಗೆ ಇಲಾಖೆಯ ರಸ್ತೆ ಮಾಹಿತಿಯನ್ನು 511 ಸೇವೆಯಲ್ಲಿ ನೋಡಬಹುದು, ಹೆದ್ದಾರಿಯ ಕ್ಯಾಮೆರಾ ಚಿತ್ರಗಳೂ ಅದರಲ್ಲಿ ಸಿಗುತ್ತವೆ. 287ರ ದಕ್ಷಿಣ ಭಾಗ ಕೊಲರಾಡೊ ರಾಜ್ಯದಲ್ಲಿರುವುದರಿಂದ ಆ ರಾಜ್ಯದ ರಸ್ತೆ ಮಾಹಿತಿಯನ್ನೂ ನೋಡಬೇಕು. ಬೆಳಿಗ್ಗೆ ಎದ್ದ ಕೂಡಲೇ ಅಡಿಗೆ ಮನೆಯ ದೀಪ ಹಾಕುವಷ್ಟೇ ಸಹಜವಾಗಿ ಲ್ಯಾರಮಿಯವರು ಇದನ್ನು ನೋಡುತ್ತಾರೆ. ಮುಚ್ಚಿದ ರಸ್ತೆಯನ್ನು ಬಳಸಿಕೊಂಡು ಹೋಗುವ ಒಳದಾರಿಯನ್ನು ಫೋನು ತೋರಿಸಿದರೆ ದಯವಿಟ್ಟು ಅದನ್ನು ನಂಬಬೇಡಿ; ಆ ಮಣ್ಣು ರಸ್ತೆಗಳಲ್ಲಿ ಸಿಕ್ಕಿಕೊಂಡರೆ ಸಹಾಯಕ್ಕೆ ಬರುವವರು ಯಾರೂ ಇರುವುದಿಲ್ಲ. ಕಾರಿನಲ್ಲಿ ಕಂಬಳಿ, ನೀರು, ತಿನ್ನಲು ಏನಾದರೂ, ಒಂದು ಸಲಿಕೆ, ಫೋನ್ ಚಾರ್ಜರು ಇರಲೇಬೇಕು. ಹಿಮದಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದ ನಾವು ಸ್ಟಿಯರಿಂಗ್ ಹಿಡಿಯುವುದು ಬೇಡ. ಮಕ್ಕಳೋ ಅವರ ಸ್ನೇಹಿತರೋ ಓಡಿಸಲಿ, ಇಲ್ಲವೇ ಮೊದಲೇ ಗೊತ್ತುಮಾಡಿದ ವಾಹನದಲ್ಲಿ ಹೋಗಿ. ಹೋಟೆಲಿನಲ್ಲಿ ಇಳಿದುಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಐ-80 ಮುಚ್ಚಿದ ಒಂದೆರಡು ಗಂಟೆಯೊಳಗೆ ದಾರಿಹೋಕರಿಂದ ಊರಿನ ಕೋಣೆಗಳೆಲ್ಲ ಭರ್ತಿಯಾಗುತ್ತವೆ. ಇನ್ನೊಂದು ರಾತ್ರಿ ಉಳಿಯಬೇಕಾದೀತು ಎಂಬ ಅನುಮಾನ ಬಂದ ಕ್ಷಣದಲ್ಲೇ ಹೋಟೆಲಿನವರಿಗೆ ಹೇಳಿಬಿಡಿ.

ಮೈಗೆ ಎತ್ತರ ಒಗ್ಗುವವರೆಗೆ

ಲ್ಯಾರಮಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಬೆಂಗಳೂರೂ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ನಮಗೆ ಮಂಗಳೂರಿನವರಷ್ಟು ವ್ಯತ್ಯಾಸ ಕಾಣದಿರಬಹುದು, ಆದರೂ ಮೊದಲ ಎರಡು ಮೂರು ದಿನ ತಲೆ ಭಾರ, ನಿದ್ದೆ ಬಿಟ್ಟು ಬಿಟ್ಟು ಬರುವುದು, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಇವೆಲ್ಲ ಸಾಮಾನ್ಯ. ಆ ದಿನಗಳಲ್ಲಿ ಮನೆಯಲ್ಲೇ ಇದ್ದು, ಆಗಾಗ ಬೆಚ್ಚಗಿನ ನೀರು ಕುಡಿಯುತ್ತ, ಊಟವನ್ನು ಹಗುರ ಮಾಡಿಕೊಳ್ಳಬೇಕು. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರು ಊರಿನ ಎತ್ತರವನ್ನು ಅಂಕಿಯ ಸಮೇತ ಹೇಳಿ ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು, ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಶ್ರಾಂತಿಯಲ್ಲಿಯೂ ಉಸಿರು ಸಿಗದಿದ್ದರೆ, ತಲೆನೋವು ಕಡಿಮೆಯಾಗದೆ ವಾಂತಿ ಶುರುವಾದರೆ ಸಂಕೋಚಪಡದೆ ಆಸ್ಪತ್ರೆಗೆ ಹೋಗಿ. ಪ್ರಯಾಣದ ವಿಮೆಯನ್ನು ಇದಕ್ಕಾಗಿಯೇ ಮಾಡಿಸಿರುತ್ತೇವೆ.

ಒಣ ಹವೆ ಎತ್ತರಕ್ಕಿಂತ ಹೆಚ್ಚು ಕಾಡುತ್ತದೆ ಎಂದು ನನಗೆ ಅನ್ನಿಸಿತು. ತುಟಿ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಕಾಣಿಸಿಕೊಳ್ಳುವುದೂ ಉಂಟು, ಉಣ್ಣೆಯ ಶಾಲು ತೆಗೆದಾಗ ಕಿಡಿ ಹಾರುತ್ತದೆ. ಹೀಟರಿನ ಹತ್ತಿರ ಅಗಲವಾದ ಪಾತ್ರೆಯಲ್ಲಿ ನೀರಿಡುವುದು, ಮಲಗುವ ಮೊದಲು ಕೈಕಾಲು ಮುಖಗಳಿಗೆ ಎಣ್ಣೆ ಹಚ್ಚುವುದು ನಮ್ಮ ಮನೆಯ ಉಪಾಯವಾಗಿತ್ತು. ಕೊಬ್ಬರಿ ಎಣ್ಣೆ ಅಲ್ಲಿ ಬಾಟಲಿಯೊಳಗೇ ಗಟ್ಟಿಯಾಗಿಬಿಡುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪನೆಯ ಕೋಟನ್ನು ನಂಬುವುದಕ್ಕಿಂತ ಒಂದರ ಮೇಲೊಂದು ಮೂರು ಪದರ ಧರಿಸುವುದು ಸರಿಯಾದ ಕ್ರಮ: ಮೈಗಂಟಿದ ಒಳ ಉಡುಪು, ಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಗಾಳಿ ತೂರದ ಕೋಟು. ಕೋಟನ್ನೂ ಬೂಟನ್ನೂ ಇಲ್ಲಿಂದ ಕೊಂಡೊಯ್ಯಬೇಡಿ; ನಮ್ಮಲ್ಲಿ ಸಿಗುವ ಚಳಿಯ ಉಡುಪು ಆ ಗಾಳಿಗೆ ಸಾಲದು, ಡೆನ್ವರ್‌ನಲ್ಲಿ ಅಥವಾ ಲ್ಯಾರಮಿಯಲ್ಲೇ ಕೊಳ್ಳಬಹುದು. ಸೀರೆ ಉಡುವವರು ಮನೆಯೊಳಗೆ ಉಟ್ಟುಕೊಳ್ಳಬಹುದು, ಹೊರಗೆ ಹೊರಟಾಗ ಮಾತ್ರ ಪ್ಯಾಂಟು ತೊಡುವುದೇ ಕ್ಷೇಮ. ನಾನು ಅರವತ್ತು ವರ್ಷ ಪ್ಯಾಂಟು ಹಾಕಿದವಳಲ್ಲ. ಅಲ್ಲಿಗೆ ಹೋದ ಮೂರನೆಯ ದಿನ ಹಾಕಿಕೊಂಡೆ, ಆಮೇಲೆ ತಾನೇ ನಿಶ್ಚಿಂತೆಯಾಗಿ ನಡೆದಾಡಿದೆ. ಪೇಟೆಯಲ್ಲಿ ನಡೆಯುವಾಗ ಬೀದಿಯ ಉತ್ತರ ಬದಿಯ ಕಾಲುದಾರಿಯನ್ನು ಹಿಡಿಯಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಬದಿಗೆ ಬಿಸಿಲು ಬಿದ್ದು ಮಂಜುಗಡ್ಡೆ ಬೇಗ ಕರಗುತ್ತದೆ, ಎದುರು ಬದಿ ಕಟ್ಟಡಗಳ ನೆರಳಿನಲ್ಲಿ ವಾರಗಟ್ಟಲೆ ಜಾರುತ್ತಲೇ ಇರುತ್ತದೆ.

ಗಾಳಿಯ ಬಗ್ಗೆ ಒಂದು ಎಚ್ಚರಿಕೆಯನ್ನು ಮಗಳ ಮಾತಿನಲ್ಲೇ ಹೇಳಬೇಕು. ಪೆಟ್ರೋಲ್ ಬಂಕಿನಲ್ಲಿ ನಾನು ಕಾರಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ, "ಅಮ್ಮ, ಎರಡೂ ಕೈಯಲ್ಲಿ ಹಿಡ್ಕೊಂಡು ತೆಗಿ, ಬಿಟ್ಟರೆ ಬಾಗಿಲು ಕಿತ್ಕೊಂಡು ಹೋಗತ್ತೆ" ಎಂದಳು. ಹೆದರಿಸುವುದಕ್ಕೆ ಹೇಳಿದ ಮಾತಲ್ಲ ಅದು. ಗಾಳಿಯತ್ತ ಬೆನ್ನು ಮಾಡಿ ಕಾರು ನಿಲ್ಲಿಸಿದಾಗ ಬಾಗಿಲು ಕೈಮೀರಿ ಹಿಂದಕ್ಕೆ ಮಡಚಿ ಕೀಲು ಮುರಿಯುವುದು ಅಲ್ಲಿ ನಡೆಯುತ್ತಲೇ ಇರುತ್ತದೆ. ಗಾಳಿಗೆ ಎದುರಾಗಿ ನಿಲ್ಲಿಸಿದರೆ ಈ ತೊಂದರೆ ಇಲ್ಲ.

ಅಡಿಗೆ ಮನೆ

ಆ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಬದಲಾಗಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೊರಟರೆ ಗಂಟೆ ಕಳೆದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಕುಕ್ಕರ್ ಬೇಕೇ ಬೇಕು. ಕುಕ್ಕರಿನ ತೂಕವು ಹೊರಗಿನ ಒತ್ತಡದ ಮೇಲೆ ಇಂತಿಷ್ಟು ಎಂದು ಒತ್ತಡ ಸೇರಿಸುವುದರಿಂದ, ಹೊರಗಿನದೇ ಕಡಿಮೆಯಾದಾಗ ಒಳಗಿನ ಶಾಖವೂ ಕೆಲವು ಡಿಗ್ರಿ ತಗ್ಗುತ್ತದೆ. ಇಲ್ಲಿ ಮೂರು ಕೂಗಿಗೆ ಬೇಯುವ ಬೇಳೆಯನ್ನು ಅಲ್ಲಿ ಐದು ಕೂಗಿಸಿ, ಅನ್ನಕ್ಕೆ ನೀರನ್ನು ಕಾಲು ಲೋಟ ಹೆಚ್ಚು ಹಾಕಿ. ಹುರುಳಿ, ಕಡಲೆಕಾಳುಗಳನ್ನು ರಾತ್ರಿಯಿಡೀ ನೆನೆಸಿದರೂ ಇನ್ನೊಂದು ಹತ್ತು ನಿಮಿಷ ಹೆಚ್ಚು ಕೇಳುತ್ತವೆ. ಇಡ್ಲಿ ಹಿಟ್ಟು ಆ ಚಳಿಯಲ್ಲಿ ತಾನಾಗಿ ಹುಳಿಯುವುದಿಲ್ಲ. ಓವನ್ನಿನ ಒಳಗೆ ಇಟ್ಟು, ಓವನ್ನನ್ನು ಹಚ್ಚದೆ ಅದರ ದೀಪವನ್ನು ಮಾತ್ರ ಹಾಕಿ ಬಾಗಿಲು ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ.

ಒಗ್ಗರಣೆ ಹಾಕುವ ಮೊದಲು ಕಿಟಕಿಯನ್ನು ಒಂದು ಗೇಣು ತೆರೆದು ಒಲೆಯ ಮೇಲಿನ ಫ್ಯಾನ್ ಹಾಕಿಕೊಳ್ಳಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಮ್ಮು ಕಿರುಚಿಕೊಂಡರೆ ಅಕ್ಕಪಕ್ಕದ ಮನೆಯವರೆಲ್ಲ ಚಳಿಯಲ್ಲಿ ಹೊರಗೆ ಬಂದು ನಿಲ್ಲಬೇಕಾಗುತ್ತದೆ. ನಮ್ಮ ಮಿಕ್ಸಿಯನ್ನು ಒಯ್ಯಬೇಡಿ, ಅಲ್ಲಿನ ವಿದ್ಯುತ್ತು ಸುಮಾರು 120 ವೋಲ್ಟ್ ಮಾತ್ರ. ಹಸಿ ಕರಿಬೇವನ್ನು ಆ ದೇಶದೊಳಗೆ ಬಿಡುವುದಿಲ್ಲ. ಹಣ್ಣು, ಬಿತ್ತನೆ ಬೀಜ ಇವನ್ನೂ ಚೀಲಕ್ಕೆ ಹಾಕಬೇಡಿ. ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿಗಳನ್ನು ಗಟ್ಟಿಯಾಗಿ ಕಟ್ಟಿ, ತಿಂಡಿತಿನಿಸು ತಂದಿದ್ದೇವೆ ಎಂದು ಫಾರಂನಲ್ಲಿ ಅಥವಾ ಕೇಳಿದಾಗ ಪ್ರಾಮಾಣಿಕವಾಗಿ ಹೇಳಿಬಿಡಿ. ನಾವು ಹೊತ್ತು ತಂದ ಚಕ್ಕುಲಿ ಪೊಟ್ಟಣಗಳು ಲ್ಯಾರಮಿ ಮುಟ್ಟುವಷ್ಟರಲ್ಲಿ ದಿಂಬಿನಂತೆ ಉಬ್ಬಿಕೊಂಡಿದ್ದವು. ಕೆಟ್ಟಿವೆಯೆಂದು ಎಸೆಯಲು ಹೋದ ನನ್ನನ್ನು ಮಗಳು ತಡೆದಳು. ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಒಳಗಿನ ಗಾಳಿ ಹಿಗ್ಗಿದ್ದಷ್ಟೆ. ಉಪ್ಪಿನಕಾಯಿ ಬಾಟಲಿಯನ್ನೂ ಕ್ರೀಮಿನ ಟ್ಯೂಬನ್ನೂ ಮಾತ್ರ ನಿಧಾನವಾಗಿ, ಸಿಂಕಿನ ಮೇಲೆ ಹಿಡಿದು ತೆರೆಯಿರಿ. ಭಾರತೀಯ ದಿನಸಿಯ ದೊಡ್ಡ ಅಂಗಡಿಗಳು ಡೆನ್ವರ್ ಕಡೆ ಇವೆ, ಬರುವ ದಾರಿಯಲ್ಲೇ ಅಕ್ಕಿ ಬೇಳೆಗಳನ್ನು ತುಂಬಿಕೊಂಡು ಬಂದರೆ ಮಕ್ಕಳಿಗೂ ಎರಡು ತಿಂಗಳ ದಾಸ್ತಾನಾಗುತ್ತದೆ.

ಥ್ಯಾಂಕ್ಸ್‌ಗಿವಿಂಗ್ ದಿನ ಮಕ್ಕಳ ಪ್ರೊಫೆಸರೋ ನೆರೆಯವರೋ ಊಟಕ್ಕೆ ಕರೆದರೆ ಖಂಡಿತ ಹೋಗಿ. ಊರಿಗೆ ಹೋಗಲಾಗದ ಪರದೇಶದ ವಿದ್ಯಾರ್ಥಿಗಳನ್ನು ಮನೆಗೆ ಕರೆಯುವುದು ಅಲ್ಲಿ ಪ್ರೀತಿಯಿಂದ ನಡೆಸಿಕೊಂಡು ಬಂದಿರುವ ರೂಢಿ. ಸಸ್ಯಾಹಾರಿಗಳು ಅದನ್ನು ಎರಡು ದಿನ ಮೊದಲೇ ತಿಳಿಸಬೇಕು. ಟರ್ಕಿ ಕೋಳಿಯನ್ನು ಬಿಟ್ಟುಬಿಡುವುದು ಸುಲಭ, ಆದರೆ ಗ್ರೇವಿಯಲ್ಲಿಯೂ ಬ್ರೆಡ್ಡಿನ ಸ್ಟಫಿಂಗ್‌ನಲ್ಲಿಯೂ ಮಾಂಸದ ರಸವಿರುತ್ತದೆ. ಸಿಹಿಗೆಣಸಿನ ಮೇಲೆ ಹರಡುವ ಮಾರ್ಷ್‌ಮೆಲೋದಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಬರಿಗೈಯಲ್ಲಿ ಹೋಗದೆ ಒಂದು ಪಾತ್ರೆ ಚಿತ್ರಾನ್ನ ಮಾಡಿಕೊಂಡು ಹೋದರೆ ಎಲ್ಲರಿಗೂ ಆಗುತ್ತದೆ, ನಿಮಗೂ ಊಟವಾಗುತ್ತದೆ. ಉಡುಗೊರೆಗೆ ಮೈಸೂರು ಸ್ಯಾಂಡಲ್ ಸೋಪು ಹಗುರ, ಚೆಂದ.

ಊರಿನಲ್ಲಿ ನೋಡುವುದು

ಊರು ಚಿಕ್ಕದಾದರೂ ಕಥೆ ಚಿಕ್ಕದಲ್ಲ. ಯೂನಿಯನ್ ಪೆಸಿಫಿಕ್ ರೈಲು ಹಳಿ 1868ರ ಮೇ ತಿಂಗಳಲ್ಲಿ ಇಲ್ಲಿಗೆ ಮುಟ್ಟಿದಾಗ ಊರು ಹುಟ್ಟಿತು. 1869ರ ಡಿಸೆಂಬರ್ 10ರಂದು ವಯೋಮಿಂಗ್ ಪ್ರಾಂತ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತು; ಅಮೆರಿಕದ ಸಂವಿಧಾನ ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿದ್ದು 1920ರಲ್ಲಿ. ಆ ಕಾನೂನಿನ ಪ್ರಕಾರ 1870ರ ಸೆಪ್ಟೆಂಬರ್ 6ರ ಬೆಳಿಗ್ಗೆ ಲ್ಯಾರಮಿಯಲ್ಲಿ ಲೂಯಿಸಾ ಸ್ವೇನ್ ಎಂಬ ವೃದ್ಧೆ ಮೊದಲ ಮತ ಹಾಕಿದರು. ಅದೇ ವರ್ಷದ ಮಾರ್ಚಿನಲ್ಲಿ ಹೆಂಗಸರು ನ್ಯಾಯಾಲಯದ ಜ್ಯೂರಿಯಲ್ಲಿ ಕುಳಿತದ್ದೂ ಈ ಊರಿನಲ್ಲೇ. ಹಳೆಯ ಪೇಟೆಯಲ್ಲಿ ಲೂಯಿಸಾ ಸ್ವೇನ್ ಅವರ ಪ್ರತಿಮೆ ಇದೆ. ಅದರ ಮುಂದೆ ನಿಂತು ನೋಡದೆ ಬರಬೇಡಿ ಎಂದು ವಿಶೇಷವಾಗಿ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಅಲ್ಲಿಂದ ನಡೆದು ಹೋದರೆ ಗಾರ್ಫೀಲ್ಡ್ ಬೀದಿಯ ಪಾದಚಾರಿ ಸೇತುವೆ ಸಿಗುತ್ತದೆ. ಅದರ ಮೇಲೆ ನಿಂತು ಕೆಳಗೆ ಒಂದರ ಹಿಂದೊಂದು ಸಾಗುವ ಗೂಡ್ಸ್ ರೈಲುಗಳನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಕಿವಿ ಮುಚ್ಚುವ ಟೋಪಿ ಇರಲಿ.

ವಿಶ್ವವಿದ್ಯಾಲಯ 1886ರಲ್ಲಿ ಸ್ಥಾಪನೆಯಾಗಿ ಮರುವರ್ಷ ತರಗತಿಗಳನ್ನು ಆರಂಭಿಸಿತು. ಆಗಿನ ಓಲ್ಡ್ ಮೇನ್ ಕಟ್ಟಡ ಈಗಲೂ ಬಳಕೆಯಲ್ಲಿದೆ. ನಡುವೆ ಪ್ರೆಕ್ಸೀಸ್ ಪಾಸ್ಚರ್ ಎಂಬ ವಿಶಾಲವಾದ ಹುಲ್ಲುಹಾಸು, ಸುತ್ತ ಮರಳುಗಲ್ಲಿನ ಕಟ್ಟಡಗಳು. ಚಳಿಯ ದಿನ ಒಳಗೆ ಕಳೆಯಲು ಭೂವಿಜ್ಞಾನ ಸಂಗ್ರಹಾಲಯಕ್ಕಿಂತ ಒಳ್ಳೆಯ ಜಾಗವಿಲ್ಲ. ಬಾಗಿಲಲ್ಲಿ ತಾಮ್ರದ ಟಿರನೊಸಾರಸ್ ನಿಂತಿದೆ. ಒಳಗೆ ಸುಮಾರು 75 ಅಡಿ ಉದ್ದದ ಅಪಟೊಸಾರಸ್ ಅಸ್ಥಿಪಂಜರ, ಬಿಗ್ ಆಲ್ ಎಂದು ಹೆಸರಾದ ಅಲೊಸಾರಸ್‌ನ ಪಂಜರ ಇವೆ, ಪ್ರವೇಶಕ್ಕೆ ಹಣವಿಲ್ಲ. ಪೂರ್ವ ಅಂಚಿನಲ್ಲಿ ಶಂಕುವಿನಾಕಾರದ ಕಟ್ಟಡವೊಂದು ದೂರದಿಂದಲೇ ಕಾಣುತ್ತದೆ. ಆಂಟ್ವಾನ್ ಪ್ರೆಡಾಕ್ ವಿನ್ಯಾಸ ಮಾಡಿದ ಅದರಲ್ಲಿ ಅಮೆರಿಕನ್ ಹೆರಿಟೇಜ್ ಸೆಂಟರ್ ಎಂಬ ದಾಖಲಾಗಾರವೂ ಕಲಾ ಸಂಗ್ರಹಾಲಯವೂ ಇವೆ. ರಜೆಯ ವಾರಗಳಲ್ಲಿ ಇವೆಲ್ಲ ಮುಚ್ಚಿರುವ ದಿನಗಳು ಹೆಚ್ಚಾದ್ದರಿಂದ, ವಿಶೇಷವಾಗಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಹೊರಡುವ ಮೊದಲು ವೇಳೆಯನ್ನು ಖಚಿತಪಡಿಸಿಕೊಳ್ಳಿ. ನವೆಂಬರ್, ಡಿಸೆಂಬರ್‌ಗಳಲ್ಲಿ ಒಳಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುತ್ತವೆ. ಆಟ ತಿಳಿಯದಿದ್ದರೂ ಕಂದು, ಹಳದಿ ಬಟ್ಟೆ ತೊಟ್ಟು ಊರಿಗೆ ಊರೇ ಸೇರುವ ಆ ಸಂಜೆಯನ್ನು ನೋಡಬೇಕು.

ರಸ್ತೆ ಒಣಗಿ ಗಾಳಿ ನಿಂತ ದಿನ ಸಿಕ್ಕರೆ, ಅಂಥ ದಿನಗಳು ಚಳಿಗಾಲದಲ್ಲೂ ಸಿಗುತ್ತವೆ, ಬೇರೆ ಕೆಲಸವನ್ನೆಲ್ಲ ಬಿಟ್ಟು ಪೂರ್ವಕ್ಕೆ ಹೊರಡಿ. ಶರ್ಮನ್ ಸಮ್ಮಿಟ್‌ನಲ್ಲಿ ಬೃಹತ್ತಾದ ಲಿಂಕನ್ ಪ್ರತಿಮೆಯಿದೆ. ಅಲ್ಲಿಂದ ಮುಂದೆ 329ನೆಯ ನಿರ್ಗಮನದ ಬಳಿ ವೀಡವೂ ಎಂಬಲ್ಲಿ ಸುಮಾರು 140 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿವೆ. ಹಂಪಿಯ ಹೆಬ್ಬಂಡೆಗಳ ನಡುವೆ ಓಡಾಡಿದವರಿಗೆ ಅಲ್ಲಿ ಕಾಲಿಟ್ಟೊಡನೆ ಪರಿಚಯದ ಜಾಗಕ್ಕೆ ಬಂದಂತಾಗುತ್ತದೆ. ಬಂಡೆಗಳ ಸಂದಿಯಲ್ಲಿ ಹಿಮ ತುಂಬಿರುವುದೊಂದೇ ಬೇರೆ. ಅದೇ ನಿರ್ಗಮನದಿಂದ ದಕ್ಷಿಣಕ್ಕೆ ಮಣ್ಣು ರಸ್ತೆಯಲ್ಲಿ ಹೋದರೆ ಏಮ್ಸ್ ಸ್ಮಾರಕ ಸಿಗುತ್ತದೆ. ರೈಲು ಹಾಕಿಸಿದ ಏಮ್ಸ್ ಸಹೋದರರ ನೆನಪಿಗೆ 1880ರ ದಶಕದ ಆರಂಭದಲ್ಲಿ ಕಟ್ಟಿದ, 60 ಅಡಿ ಎತ್ತರದ ಕಲ್ಲಿನ ಪಿರಮಿಡ್ಡು ಅದು. ಹಳಿ ಅಲ್ಲಿಂದ ಸರಿದು ಎಷ್ಟೋ ವರ್ಷಗಳಾಗಿ, ಈಗ ಬಯಲಿನಲ್ಲಿ ಒಂಟಿಯಾಗಿದೆ.

ಪಶ್ಚಿಮಕ್ಕೆ ಸುಮಾರು 30 ಮೈಲಿ ದೂರದ ಸೆಂಟೆನಿಯಲ್ ಎಂಬ ಹಳ್ಳಿಯವರೆಗೆ ಚಳಿಗಾಲದಲ್ಲೂ ಹೋಗಬಹುದು, ಸ್ವಲ್ಪ ಮುಂದೆ ಸ್ಕೀ ಆಡುವ ಜಾಗವಿದೆ. ಅದರಾಚೆ 10,847 ಅಡಿಯವರೆಗೆ ಏರುವ 130ನೆಯ ಹೆದ್ದಾರಿಯ ಮೇಲ್ಭಾಗ ನವೆಂಬರ್‌ನಿಂದ ಮೇ ಕೊನೆಯವರೆಗೆ ಮುಚ್ಚಿರುತ್ತದೆ. ನಾವು ಜೂನ್ ತಿಂಗಳಲ್ಲಿ ಆ ದಾರಿಯಲ್ಲಿ ಹೋದಾಗಲೂ ರಸ್ತೆಯ ಎರಡು ಬದಿಯ ಹಿಮದ ಗೋಡೆ ಕಾರಿಗಿಂತ ಎತ್ತರವಿತ್ತು. ಅಲ್ಲಿನ ಲೇಕ್ ಮೇರಿ ಸರೋವರಕ್ಕೆ, 1910ರಲ್ಲಿ ವಯೋಮಿಂಗ್ ಶಾಸನಸಭೆಗೆ ಆಯ್ಕೆಯಾದ ಮೊದಲ ಮಹಿಳೆ ಮೇರಿ ಬೆಲಮಿ ಅವರ ಹೆಸರಿದೆ. ಊರಿಗೆ ಬಂದು ನಾಲ್ಕೈದು ದಿನ ಕಳೆದು ಮೈ ಒಗ್ಗಿದ ಮೇಲೆ ಮಾತ್ರ ಅಷ್ಟು ಎತ್ತರಕ್ಕೆ ಹೋಗಬೇಕು. ದಾರಿಯುದ್ದಕ್ಕೂ ಬಯಲಿನಲ್ಲಿ ಮೇಯುವ ಪ್ರಾಂಗ್‌ಹಾರ್ನ್ ಹಿಂಡುಗಳು ಕಾಣುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಕಂಡವರಿಗೆ ಅವುಗಳ ನಿಲುವು, ಓಟ ಕಂಡಾಗ ಊರು ನೆನಪಾಗುತ್ತದೆ. ಮುಸ್ಸಂಜೆಯಲ್ಲಿ ಅವು ರಸ್ತೆ ದಾಟುವುದರಿಂದ ಕತ್ತಲಾಗುವ ಮೊದಲೇ ಮನೆ ಸೇರಿ.

ಇಷ್ಟು ನೋಡಿದ ಮೇಲೂ ದಿನಗಳು ಉಳಿಯುತ್ತವೆ, ಉಳಿಯಲೇಬೇಕು. ಗಾಳಿ ಬೀಸುವ ಮಧ್ಯಾಹ್ನ ಹೊರಗೆ ಹೋಗಲಾಗದೆ ಮಗಳು ತನ್ನ ಪ್ರಯೋಗದ ಕೆಲಸವನ್ನು ನನಗೆ ಗಂಟೆಗಟ್ಟಲೆ ಬಿಡಿಸಿ ಹೇಳಿದಳು. ಫೋನಿನಲ್ಲಿ ಮೂರು ವರ್ಷ ಕೇಳಿಯೂ ಅರ್ಥವಾಗದಿದ್ದುದು ಅಂದು ಅರ್ಥವಾಯಿತು. ಭಾರತದಲ್ಲಿರುವವರ ಜೊತೆ ಮಾತಾಡಲು ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆಯ ವ್ಯತ್ಯಾಸವನ್ನು ಲೆಕ್ಕ ಹಾಕಿಕೊಳ್ಳಿ: ಅಲ್ಲಿ ರಾತ್ರಿ ಎಂಟು ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ.

ಹೊರಡುವ ದಿನ ಬೆಳಿಗ್ಗೆ 511 ನೋಡಿ, ರಸ್ತೆ ತೆರೆದಿದ್ದರೆ ತಿಂಡಿಗೆ ಕಾಯದೆ ಹೊರಟುಬಿಡಿ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏರುವ ದಿನಗಳೇ ಹೆಚ್ಚು. ಕೋಟು, ಬೂಟು, ಉಣ್ಣೆ ಟೋಪಿ, ಕುಕ್ಕರುಗಳನ್ನು ಮಕ್ಕಳ ಮನೆಯಲ್ಲೇ ಬಿಟ್ಟು ಬನ್ನಿ. ಮುಂದಿನ ಸಲಕ್ಕೂ ಆಗುತ್ತವೆ, ಇನ್ನೊಬ್ಬ ವಿದ್ಯಾರ್ಥಿಯ ತಾಯಿ ಬಂದರೆ ಅವರಿಗೂ ಆಗುತ್ತವೆ. ನನ್ನ ಬೂಟು ಈಗಾಗಲೇ ಇಬ್ಬರ ಕಾಲಿಗೆ ಆಗಿದೆಯೆಂದು ಮಗಳು ಹೇಳಿದ್ದಾಳೆ.